ಕೊಕ್ಕರೆಗಳನ್ನು ಗೆಲ್ಲಿಸುವ ಕುರ್ಚಿ

ಆರ್ಮಸ್ ನಿಯೇಮಿ ತನ್ನ ಹಳೆಯ ಕಂದು ಕುರ್ಚಿಯನ್ನು ಕಾರಿನ ಮೇಲೆ ಕಟ್ಟದೇ ಇದ್ದಿದ್ದರೆ ಆ ದಿನ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಗಂಡ ಹೆಂಡತಿ ಕಾಫಿ ಕುಡಿದು, ಮನೆಗೆ ಬೀಗ ಹಾಕಿ, ಪ್ರತಿ ಚಳಿಗಾಲದಂತೆ ದಕ್ಷಿಣದ ಬೆಚ್ಚನೆಯ ಫ್ಲಾರಿಡಾದ ದಾರಿ ಹಿಡಿಯುತ್ತಿದ್ದರು. ಆದರೆ ಕುರ್ಚಿ ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿಕೊಂಡು ಕಾರಿನ ಮೇಲೆ ಮಲಗಿದ್ದನ್ನು ಎದುರುಮನೆಯ ಡೋರಿಸ್ ಟ್ರೆವಾರ್ತನ್ ತನ್ನ ಅಡುಗೆಮನೆಯ ಕಿಟಕಿಯಿಂದ ನೋಡಿಬಿಟ್ಟಳು. ಡೋರಿಸ್ ನೋಡಿದಳೆಂದರೆ ಐರನ್ ಬೇ ಊರಿಗೆ ಊರೇ ನೋಡಿದ ಲೆಕ್ಕ.

"ಹೊರಟೇಬಿಟ್ಟ ಪುಣ್ಯಾತ್ಮ!" ಎಂದು ಅವಳು ಫೋನಿನಲ್ಲಿ ಕಿರುಚಿದಳು. "ಇವತ್ತೇ! ಅದೂ ಕುರ್ಚಿ ಸಮೇತ!"

ಈ ಕುರ್ಚಿಯ ಮಹಿಮೆಯನ್ನು ಹೇಳಲೇಬೇಕು. ನಮ್ಮ ಕಡೆಯ ಬೇಸ್‌ಬಾಲ್ ತಂಡದವರ ಟೋಪಿಯ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರವಿದೆ. ಹಾಗಾಗಿ ತಂಡಕ್ಕೂ ಕೊಕ್ಕರೆಗಳು ಎಂದೇ ಹೆಸರು. ಕೊಕ್ಕರೆಗಳು ಚಾಂಪಿಯನ್ ಆದದ್ದನ್ನು ನೋಡಿದವರು ಊರಿನಲ್ಲಿ ಯಾರೂ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ಒಮ್ಮೆ ಕೊನೆಯ ಆಟದ ತನಕ ಬಂದಿದ್ದರು. ಅಲ್ಲಿಯವರೆಗೆ ಆರ್ಮಸ್ ತನ್ನ ಗಾಜಿನ ಜಗಲಿಯಲ್ಲಿ, ಈ ಕುರ್ಚಿಯಲ್ಲಿ ಕೂತಿದ್ದ, ಅವರು ಗೆಲ್ಲುತ್ತಿದ್ದರು. ಕೊನೆಯ ಆಟದ ದಿನ ಅವನು ಫ್ಲಾರಿಡಾಕ್ಕೆ ಹೊರಟ, ಅವರು ಸೋತರು. ಇನ್ನೇನು ಸಾಕ್ಷಿ ಬೇಕು? ವಸಂತದಲ್ಲಿ ಅವನು ಮರಳಿ ಬಂದಾಗ ಪಕ್ಕದ ಮನೆಯ ಕ್ಷೌರಿಕ ಕ್ಲಾರೆನ್ಸ್ ಬೋಶಾಂಪ್ ಕ್ಷೌರಕ್ಕೆ ಕೂತವನ ಬಲಗಿವಿಯ ಮೇಲೆ ಒಂದು ಕೂದಲೂ ಇಲ್ಲದ ಹಾಗೆ ಬೋಳಿಸಿ ಕಳಿಸಿದ್ದ.

ಈ ವರ್ಷ ಮತ್ತೆ ಕೊಕ್ಕರೆಗಳು ಕೊನೆಯ ಆಟಕ್ಕೆ ಬಂದಿದ್ದರು. ಏಳು ಆಟಗಳ ಸರಣಿಯಲ್ಲಿ ಎರಡೂ ತಂಡಗಳು ಮೂರು ಮೂರು ಆಟ ಗೆದ್ದು ಸಮನಾಗಿದ್ದವು. ಏಳನೆಯದು ಇವತ್ತು ಮಧ್ಯಾಹ್ನ.

ಆರ್ಮಸ್‌ಗೆ ಗೆಲುವಷ್ಟೇ ಬೇಕಾಗಿರಲಿಲ್ಲ. ಅವನ ಅಪ್ಪ ಓಸ್ಕರಿ ಫಿನ್‌ಲ್ಯಾಂಡಿನಿಂದ ಇಲ್ಲಿನ ಕಬ್ಬಿಣದ ಗಣಿಗೆ ಬಂದವನು. ಈ ದೇಶದ ಭಾಷೆಯನ್ನು ಪತ್ರಿಕೆಯ ಬೇಸ್‌ಬಾಲ್ ಪುಟ ಓದಿಯೇ ಕಲಿತವನು. ಸಾಯುವ ಮೊದಲು ಮಗನ ಕೈ ಹಿಡಿದು ಹೇಳಿದ್ದ: "ಗೆದ್ದ ದಿನ ನನ್ನ ಹತ್ರ ಬಂದು ಹೇಳ್ಬೇಕು ಕಣೋ. ಗೆದ್ರು ಅಂತ ಒಂದೇ ಮಾತಲ್ಲಿ ಮುಗಿಸ್ಬೇಡ. ಕೊನೇ ಚೆಂಡು ಯಾರು ಎಸೆದ, ಅದು ಎಲ್ಲಿಗೆ ಹೋಯ್ತು, ಎಲ್ಲಾ ಹೇಳ್ಬೇಕು. ಪೇಪರ್ ಓದಿ ಹೇಳ್ಬೇಡ, ಪೇಪರ್ ಓದಕ್ಕೆ ನಂಗೂ ಬರತ್ತೆ. ನೀನು ಕಣ್ಣಾರೆ ನೋಡಿರಬೇಕು." ಆರ್ಮಸ್ ಆಗಲಿ ಎಂದಿದ್ದ. ಈಗ ಅವನಿಗೇ ಎಪ್ಪತ್ತು ದಾಟಿದೆ. ಮಾತು ಹಾಗೇ ಉಳಿದಿದೆ.

ಹೆಂಡತಿ ಹೆಲ್ಮಿಯದ್ದೂ ತಪ್ಪೇನಿಲ್ಲ. ಅವಳಿಗೆ ಎದೆಯ ತೊಂದರೆ. ಹೋದ ವರ್ಷ ಮೊದಲ ಹಿಮಕ್ಕೆ ಸಿಕ್ಕಿಬಿದ್ದು ಕ್ರಿಸ್‌ಮಸ್ ತನಕ ಆಸ್ಪತ್ರೆಯಲ್ಲಿದ್ದಳು. ಈ ಸಂಜೆಯೇ ಹಿಮ ಬೀಳುತ್ತದೆ, ಗಾಳಿ ಜೋರಾದರೆ ದೊಡ್ಡ ಸೇತುವೆಯನ್ನೂ ಮುಚ್ಚುತ್ತಾರೆ ಎಂದು ರೇಡಿಯೋ ಹೇಳಿತ್ತು. ಹಾಗಾಗಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು: ಬೆಳಗ್ಗೆಯೇ ಹೊರಟು ಸೇತುವೆ ದಾಟುವುದು, ಆಚೆ ದಡದಲ್ಲಿ ಹೆಲ್ಮಿಯ ಅಕ್ಕನ ಮನೆಯಲ್ಲಿ ಆಟ ನೋಡುವುದು. ಕುರ್ಚಿ ತರುತ್ತೇನೆಂದು ಆರ್ಮಸ್ ಹಟ ಹಿಡಿದ. ತಂದುಕೋ ಮಾರಾಯ ಎಂದು ಅವಳು ಸುಮ್ಮನಾದಳು.

ಕೊನೆಯ ಚೀಲ ಹಿಡಿದು ಆರ್ಮಸ್ ಹೊರಗೆ ಬಂದಾಗ ಕಾರು ನೆಲಕ್ಕೆ ಕೂತಿತ್ತು. ನಾಲ್ಕೂ ಚಕ್ರಗಳಲ್ಲಿ ಗಾಳಿ ಇರಲಿಲ್ಲ. ಬೇಲಿಯ ಪಕ್ಕದಲ್ಲಿ ಕ್ಲಾರೆನ್ಸ್ ಭಾನುವಾರದ ಕೋಟು ಹಾಕಿಕೊಂಡು, ಶವಯಾತ್ರೆಗೆ ಬಂದವನ ಮುಖ ಮಾಡಿಕೊಂಡು ನಿಂತಿದ್ದ.

"ಯಾರೋ ಗಾಳಿ ಬಿಟ್ಟಿದ್ದಾರೆ ಕ್ಲಾರೆನ್ಸ್."

"ಯಾರೋ ಅಲ್ಲ. ನಾನೇ," ಎಂದ ಕ್ಲಾರೆನ್ಸ್. "ಪಂಪೂ ನನ್ನ ಹತ್ರನೇ ಇದೆ. ಆಟ ಮುಗೀಲಿ, ಕೊಡ್ತೀನಿ."

"ನಿಂಗೆ ತಲೆ ನೆಟ್ಟಗಿದೆಯೇನಯ್ಯಾ? ಕುರ್ಚಿ ತಗೊಂಡೇ ಹೋಗ್ತಿದೀನಲ್ಲ! ಆಚೆ ದಡದಲ್ಲಿ ಇದರ ಮೇಲೇ ಕೂತು ನೋಡ್ತೀನಿ."

"ಕುರ್ಚಿ ಒಂದೇ ಸಾಕಾ? ಜಗಲಿ ಬೇಡ್ವಾ? ಆ ಮೂಲೆ ಬೇಡ್ವಾ? ಇಷ್ಟು ವರ್ಷ ಕಾದು, ಇವತ್ತು ಹೊಸ ಜಾಗದಲ್ಲಿ ಕೂತು ಪರೀಕ್ಷೆ ಮಾಡ್ತೀಯಾ? ನಮ್ಮೆಲ್ಲರ ಪಾಲಿನ ಪರೀಕ್ಷೆ?"

ಅಷ್ಟರಲ್ಲಿ ರಸ್ತೆಯಲ್ಲಿ ಜನ ಸೇರಿದ್ದರು. ಯಾರೂ ಕೂಗಾಡಲಿಲ್ಲ. ಅದೇ ಕಷ್ಟವಾದದ್ದು. ಎಲ್ಲರೂ ಟೋಪಿ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದರು. ಹೆಲ್ಮಿ ಬಾಗಿಲಿಗೆ ಬಂದಳು, ಚಕ್ರ ನೋಡಿದಳು, ಕ್ಲಾರೆನ್ಸ್‌ನ ಮುಖ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ಗಂಡನ ಮುಖದಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಿಗೆ ಕಂಡದ್ದರಿಂದ ಅವಳಿಗೆ ಮೈ ಉರಿದುಹೋಯಿತು.

"ಆಯ್ತು," ಎಂದಳು. "ಆಟ ಮುಗಿದ ಮರುಕ್ಷಣ ಈ ಕಾರು ಹೊರಡ್ಬೇಕು. ಹೊರಡ್ಲಿಲ್ಲ ಅಂದ್ರೆ ಕ್ಲಾರೆನ್ಸ್, ನಾನು ಸತ್ತ ಪಾಪ ನಿನ್ನ ತಲೆಗೆ."

"ಒಪ್ಪಿದೆ," ಎಂದ ಕ್ಲಾರೆನ್ಸ್.

ಕುರ್ಚಿಯನ್ನು ಕೆಳಗಿಳಿಸಿ, ನಾಲ್ಕು ಜನ ಹೊತ್ತು ಒಳಗೆ ತಂದರು. ಜಗಲಿಯ ನೆಲಹಾಸಿನ ಮೇಲೆ ಕುರ್ಚಿಯ ಕಾಲುಗಳ ಹಳೆಯ ಗುರುತುಗಳಿದ್ದವು. ಅದೇ ಗುರುತಿನ ಮೇಲೆ ಕೂರಿಸಿದರು. ಆದರೆ ಮನೆಯನ್ನು ಚಳಿಗಾಲಕ್ಕೆ ಮುಚ್ಚಿ ಆಗಿತ್ತು. ಕೊಳಾಯಿ ಕೆಲಸದ ಗಸ್ ಪೆಲ್ಟೋಲಾ, ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯಬಾರದೆಂದು, ಆ ಬೆಳಗ್ಗೆಯೇ ನೀರನ್ನೆಲ್ಲ ಖಾಲಿ ಮಾಡಿ, ಮನೆ ಬೆಚ್ಚಗಿಡುವ ಒಲೆಯನ್ನೂ ಆರಿಸಿ ಹೋಗಿದ್ದ. ಟೀವಿಯನ್ನು ಡೋರಿಸ್ ಮನೆಯಲ್ಲಿ ಇಟ್ಟಾಗಿತ್ತು. ಮಾಡಿನ ಮೇಲಿನ ಆಂಟೆನಾವನ್ನೂ ಕಿತ್ತು ಕೊಟ್ಟಿಗೆಗೆ ಹಾಕಿದ್ದರು.

ಟೀವಿ ಬಂತು. ಆಂಟೆನಾ ಬಿಗಿಯುವ ಕೊಂಡಿ ಕೀಳುವಾಗಲೇ ಮುರಿದಿತ್ತು. ಆದ್ದರಿಂದ ಗಸ್‌ನನ್ನೇ ಮಾಡಿಗೆ ಹತ್ತಿಸಿದರು.

"ನಾನು ಆಟ ನೋಡೋದು ಹೇಗೆ?" ಎಂದು ಅವನು ಮೇಲಿಂದ ಕೇಳಿದ.

"ನೀನು ಹಿಡ್ಕೊಂಡಿದ್ರೆ ತಾನೇ ನಾವು ನೋಡೋದು! ಕೂಗಿ ಹೇಳ್ತೀವಿ, ಅಲುಗಾಡ್ಬೇಡ!" ಎಂದ ಕ್ಲಾರೆನ್ಸ್.

ಆಟ ಶುರುವಾಯಿತು. ಜಗಲಿಯ ತುಂಬ ಜನ. ಒಲೆಯಿಲ್ಲದ ಮನೆಯಲ್ಲಿ ಎಲ್ಲರೂ ಕೋಟು, ಟೋಪಿ, ಕೈಗವಸುಗಳ ಸಮೇತ ಕೂತಿದ್ದರು, ಬಾಯಿಂದ ಹಬೆ ಬರುತ್ತಿತ್ತು. ಆರ್ಮಸ್‌ಗೆ ಇದ್ದ ಕಷ್ಟವೇ ಬೇರೆ. ಅವನು ಟೀವಿ ನೋಡುತ್ತಿದ್ದ, ಊರಿನ ಅರ್ಧ ಜನ ಅವನನ್ನು ನೋಡುತ್ತಿದ್ದರು.

"ಮುಂದಕ್ಕೆ ಬಾಗ್ಬೇಡ. ನೀನು ಯಾವಾಗ್ಲೂ ಹೀಗೇ ಕೂತ್ಕೋತೀಯಾ?" ಎಂದಳು ಡೋರಿಸ್.

"ಬೆನ್ನು ನೋಯ್ತಿದೆ ಡೋರಿಸ್."

"ನೋಯ್ಲಿ. ಒಂದು ದಿನ."

ಎರಡನೇ ಇನ್ನಿಂಗ್ಸ್‌ನಲ್ಲಿ ಎದುರು ತಂಡ ಒಂದು ರನ್ ಹೊಡೆಯಿತು. ಐದರಲ್ಲಿ ಇನ್ನೆರಡು. ಕೊಕ್ಕರೆಗಳಿಗೆ ಹೇಗೋ ಒಂದು ಸಿಕ್ಕಿತು. ಆರ್ಮಸ್‌ನ ಎಡಗಾಲನ್ನು ಬಲಗಾಲಿನ ಮೇಲೆ ಹಾಕಿಸಿದರು, ಆಮೇಲೆ ಬಲಗಾಲನ್ನು ಎಡಗಾಲಿನ ಮೇಲೆ ಹಾಕಿಸಿದರು. ಟೋಪಿ ತಿರುಗಿಸಿ ಇಟ್ಟರು. ಬಚ್ಚಲಿಗೆ ಹೋಗಬೇಕೆಂದರೆ ಕ್ಲಾರೆನ್ಸ್ ಇನ್ನಿಂಗ್ಸ್ ಮುಗಿಯಲಿ ಎಂದ. ಇನ್ನಿಂಗ್ಸ್ ಮುಗಿದರೆ ಮನೆಯಲ್ಲಿ ನೀರಿಲ್ಲ, ಡೋರಿಸ್ ಮನೆಗೆ ಓಡಿ ವಾಪಸ್ ಬರಬೇಕು. ಒಟ್ಟು ಒಂಬತ್ತು ಇನ್ನಿಂಗ್ಸ್‌ನಲ್ಲಿ ಎಂಟು ಮುಗಿದಾಗಲೂ ಎದುರು ತಂಡಕ್ಕೆ ಮೂರು, ಕೊಕ್ಕರೆಗಳಿಗೆ ಒಂದೇ ಇತ್ತು.

"ಏನಾಯ್ತ್ರೋ?" ಎಂದು ಗಸ್ ಮಾಡಿನಿಂದ ಕೂಗಿದ. ಕ್ಲಾರೆನ್ಸ್ ಆರ್ಮಸ್‌ನ ಟೋಪಿಯನ್ನು ಇನ್ನೊಮ್ಮೆ ತಿರುಗಿಸಿ ಇಟ್ಟ.

ಆಗ ಹೆಲ್ಮಿ ಮಾತಾಡಿದಳು. ಬೆಳಗಿನಿಂದ ಅವಳು ಬಾಗಿಲ ಬಳಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

"ಹೀಗೆ ಕಣ್ಣು ಅಗಲಿಸ್ಕೊಂಡು ಕೂತ್ರೆ ಎಲ್ಲಿ ಗೆಲ್ತಾರೆ? ಅವರು ಗೆದ್ದಾಗ ಇವನು ಯಾವತ್ತು ಎಚ್ಚರವಾಗಿದ್ದ?"

ಜಗಲಿಯ ಎಲ್ಲ ತಲೆಗಳೂ ಅವಳತ್ತ ತಿರುಗಿದವು.

"ಹೆಲ್ಮಿ, ಸುಮ್ನಿರು," ಎಂದ ಆರ್ಮಸ್.

"ಯಾಕೆ ಸುಮ್ನಿರ್ಲಿ? ಮೂರನೇ ಇನ್ನಿಂಗ್ಸ್‌ಗೆ ಗೊರಕೆ ಶುರು. ಮುಗಿದ ಮೇಲೆ ನಾನೇ ಎಬ್ಬಿಸಿ, ಗೆದ್ರಂತೆ ಏಳು, ಊಟ ಮಾಡು ಅಂತ ಹೇಳ್ತೀನಿ."

ಕ್ಲಾರೆನ್ಸ್ ನಿಧಾನವಾಗಿ ಎದ್ದು ನಿಂತ. "ಹಾಗಾದ್ರೆ ಪ್ರತಿ ಗೆಲುವಿನ ಮಾರನೇ ದಿನ ನನ್ನ ಅಂಗಡೀಲಿ ಕೂತು, ಒಂದೊಂದು ಚೆಂಡಿನ ಕತೇನೂ ಹೇಳ್ತಿದ್ಯಲ್ಲ ಆರ್ಮಸ್?"

"ಪೇಪರಲ್ಲಿ ಓದಿದ್ದು," ಎಂದು ಆರ್ಮಸ್ ತನ್ನ ಮೊಣಕಾಲಿಗೆ ಹೇಳಿದ.

"ಮೊನ್ನೆ ಸೋತ ಮೂರು ದಿನ?"

"ಹಲ್ಲುನೋವು," ಎಂದಳು ಹೆಲ್ಮಿ. "ಕಣ್ಣು ಮುಚ್ಚಿಲ್ಲ."

"ಅವತ್ತು, ಫ್ಲಾರಿಡಾಕ್ಕೆ ಹೋದಾಗ?"

"ಕಾರು ಓಡಿಸ್ತಿದ್ದ. ಕಾರು ಓಡಿಸ್ತಾ ಮಲಗಕ್ಕಾಗತ್ತಾ?"

ಕ್ಲಾರೆನ್ಸ್‌ನ ಮುಖದ ಮೇಲೆ ಬೆಳಕು ಹರಿಯಿತು. ಬೆಳಗಿನಿಂದ ಈ ಮನುಷ್ಯನನ್ನು ಕೂರಿಸಲು ಇಡೀ ಊರು ಪಟ್ಟ ಪಾಡೆಲ್ಲ ವ್ಯರ್ಥ. ಕೂರಿಸುವುದಲ್ಲ, ಮಲಗಿಸಬೇಕಿತ್ತು!

"ಕಣ್ಣು ಮುಚ್ಚು," ಎಂದ ಅವನು.

"ಇಲ್ಲ. ನಾನು ನೋಡ್ಬೇಕು."

"ಆರ್ಮಸ್, ಒಂದೇ ಇನ್ನಿಂಗ್ಸ್ ಉಳಿದಿರೋದು."

"ಅದನ್ನೇ ನೋಡ್ಬೇಕು ಕಣಯ್ಯಾ!" ಆರ್ಮಸ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. "ಅಪ್ಪನಿಗೆ ಮಾತು ಕೊಟ್ಟಿದೀನಿ. ಕಣ್ಣಾರೆ ನೋಡಿ ಹೇಳ್ಬೇಕು."

"ನೋಡಿ ಏನು ಹೇಳ್ತೀಯಾ? ಸೋತ್ರು ಅಂತಾನಾ?"

ಆರ್ಮಸ್ ಸುತ್ತ ನೋಡಿದ. ಡೋರಿಸ್ ಕೈ ಮುಗಿದು ಕೂತಿದ್ದಳು. ಗಣಿಯಲ್ಲಿ ಅವನ ಜೊತೆ ದುಡಿದ ಮುದುಕರು, ಎಂದೂ ಅಳದವರು, ಮೂಗು ಒರೆಸಿಕೊಳ್ಳುತ್ತಿದ್ದರು. ಅಪ್ಪನಿಗೆ ಮೊದಲು ಬೇಕಾದದ್ದು ಗೆಲುವು ತಾನೇ, ವರದಿ ಆಮೇಲಿನದು ತಾನೇ ಎಂದು ಆರ್ಮಸ್ ಯೋಚಿಸಿದ. ಆಮೇಲೆ ಇನ್ನೊಂದು ಯೋಚನೆ ಬಂತು: ಕಣ್ಣು ಮುಚ್ಚಿದ ಹಾಗೆ ಮಾಡಿ ರೆಪ್ಪೆಯ ಸಂದಿಯಿಂದ ನೋಡಿದರೆ ಯಾರಿಗೆ ತಿಳಿಯುತ್ತದೆ?

"ಆಯ್ತು," ಎಂದು ಹಿಂದಕ್ಕೆ ಒರಗಿದ.

ಡೋರಿಸ್ ಓಡಿಹೋಗಿ, ಮಾಂಸ ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ಕಡುಬು ತಂದು ತಿನ್ನಿಸಿದಳು. ಮೇಲೆ ಬಿಸಿ ಹಾಲು. ಮೂರು ಜನ ತಮ್ಮ ಕೋಟು ಬಿಚ್ಚಿ ಹೊದಿಸಿದರು. ಟೀವಿಯ ದನಿ ಪೂರ್ತಿ ತಗ್ಗಿಸಿದರು. ಹೆಲ್ಮಿ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕಾವಲು ಕೂತಳು. ಪ್ಯಾಕಿಂಗ್ ಮಾಡಲು ಕತ್ತಲಿರುವಾಗಲೇ ಎದ್ದಿದ್ದ ಆರ್ಮಸ್ ರೆಪ್ಪೆಯ ಸಂದಿಯಿಂದ ಮೊದಲ ಚೆಂಡು ನೋಡಿದ. ಎರಡನೆಯದನ್ನೂ ನೋಡಿದ. ಹೊಟ್ಟೆ ತುಂಬಿತ್ತು, ಮೈ ಬೆಚ್ಚಗಿತ್ತು.

ಎಚ್ಚರವಾದಾಗ ಜಗಲಿ ಖಾಲಿಯಾಗಿತ್ತು. ಬೆಂಚುಗಳು ಮಗುಚಿ ಬಿದ್ದಿದ್ದವು. ಗಸ್ ಆಂಟೆನಾ ಬಿಟ್ಟು ಇಳಿದಿದ್ದರಿಂದ ಟೀವಿಯಲ್ಲಿ ಬರೀ ಬಿಳಿ ಚುಕ್ಕೆಗಳು. ಹೊರಗೆ ರಸ್ತೆಯ ತುಂಬ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು, ಚರ್ಚಿನ ಗಂಟೆ ಮೊಳಗುತ್ತಿತ್ತು.

"ಗೆದ್ರಾ?"

"ಗೆದ್ರು. ಏಳು. ಹಿಮ ಶುರುವಾಗಿದೆ," ಎಂದಳು ಹೆಲ್ಮಿ.

ಆರ್ಮಸ್ ಕೋಟುಗಳನ್ನು ಒದ್ದು ಹೊರಗೋಡಿದ. ಕ್ಲಾರೆನ್ಸ್ ಅಳುತ್ತ ಅಳುತ್ತ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ.

"ಕ್ಲಾರೆನ್ಸ್! ಹೇಗಾಯ್ತು? ಕೊನೇ ಚೆಂಡು?"

"ಅಯ್ಯೋ ಆರ್ಮಸ್," ಎಂದು ಕ್ಲಾರೆನ್ಸ್ ಅವನನ್ನು ತಬ್ಬಿಕೊಂಡ. "ಬಾಯಲ್ಲಿ ಹೇಳಕ್ಕಾಗಲ್ಲ. ನೀನು ನೋಡ್ಬೇಕಿತ್ತು!"

ಡೋರಿಸ್‌ಳನ್ನು ಕೇಳಿದರೂ ಅದೇ ಉತ್ತರ ಬಂತು. ಗಣಿಯ ಮುದುಕರು ಅವನನ್ನು ಅಪ್ಪಿಕೊಂಡು ಬೆನ್ನು ಗುದ್ದಿದರು. ಗಸ್ ಒಬ್ಬ ಮಾತ್ರ, ಮರಗಟ್ಟಿದ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, "ನನ್ನನ್ನ ಕೇಳ್ಬೇಡ ಮಾರಾಯ," ಎಂದ.

"ಕುರ್ಚಿ ಅಲ್ಲೇ ಇರ್ಲಿ. ಬೀಗದ ಕೈ ನನ್ನ ಹತ್ರ," ಎಂದ ಕ್ಲಾರೆನ್ಸ್ ಕಾರಿನ ಬಾಗಿಲು ಹಾಕುತ್ತ. "ಬರೋ ವರ್ಷ ಮೊದಲನೇ ಆಟದಿಂದ್ಲೇ ಮಲಗಿಬಿಡು."

ಊರ ಹೊರಗಿನ ಸ್ಮಶಾನದ ಬಳಿ ಆರ್ಮಸ್ ಕಾರು ನಿಲ್ಲಿಸಿದ. ಬೇಡ ಎಂದರೂ ಕೇಳದೆ ಹೆಲ್ಮಿಯೂ ಬಾಯಿಗೆ ಶಾಲು ಸುತ್ತಿಕೊಂಡು ಇಳಿದಳು. ಓಸ್ಕರಿಯ ಕಲ್ಲಿನ ಮೇಲೆ ಹಿಮ ತೆಳ್ಳಗೆ ಕೂತಿತ್ತು. ಆರ್ಮಸ್ ಅದನ್ನು ಕೈಯಿಂದ ಒರೆಸಿ, ಟೋಪಿ ತೆಗೆದು ನಿಂತ.

"ಅಪ್ಪಾ, ಗೆದ್ರು," ಎಂದ. ಮುಂದೆ ಹೇಳಲು ಅವನೇನೂ ನೋಡಿರಲಿಲ್ಲ.

ಹೆಲ್ಮಿ ಬಾಯಿಯ ಮೇಲಿನ ಶಾಲು ಸರಿಸಿದಳು. "ಮಾವ, ನಾನು ಹೇಳ್ತೀನಿ. ಒಬ್ಬ ಎಸೆದ. ಇನ್ನೊಬ್ಬ ಹೊಡೆದ. ಚೆಂಡು ಹೋಯ್ತು. ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ರು."

"ಹೊಡೆದದ್ದು ಯಾರು?" ಆರ್ಮಸ್ ಅವಳ ತೋಳು ಹಿಡಿದ. "ಚೆಂಡು ಎಲ್ಲಿಗೆ ಹೋಯ್ತು? ಎಡಕ್ಕಾ, ಬಲಕ್ಕಾ?"

"ನಂಗೇನು ಗೊತ್ತು? ಕ್ಲಾರೆನ್ಸ್ ಕೂಗಿದ್ದು ಕೇಳಿ ಹೇಳ್ತಿದೀನಿ. ನಾನೆಲ್ಲಿ ಟೀವಿ ನೋಡಿದೆ? ನೀನು ಕಣ್ಣು ಬಿಟ್ಟು ಎಲ್ಲಾ ಕೆಡಿಸ್ತೀಯೇನೋ ಅಂತ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ."

ಆರ್ಮಸ್ ಅವಳ ತೋಳು ಬಿಟ್ಟು ಕಲ್ಲಿನ ಕಡೆ ತಿರುಗಿದ.

"ಬರೋ ವರ್ಷ ಇನ್ನೊಂದ್ಸಲ ಗೆಲ್ತಾರೆ ಅಪ್ಪಾ. ಅದನ್ನ ಕಣ್ಣಾರೆ ನೋಡಿ, ಒಂದೂ ಬಿಡದೆ ಹೇಳ್ತೀನಿ."

"ನೀನು ನೋಡಿದ್ರೆ ಎಲ್ಲಿ ಗೆಲ್ತಾರೆ ಮಾರಾಯ?" ಎಂದು ಹೆಲ್ಮಿ ಅವನ ತಲೆಯ ಮೇಲಿನ ಹಿಮ ಕೊಡವಿ, ಟೋಪಿ ಹಾಕಿದಳು. "ಬಾ, ಸೇತುವೆ ಮುಚ್ತಾರೆ."