ಎಮ್ಮೆ ಸಾಕಿದ ಅನಾಮಧೇಯ ಮಹಿಳೆ

ಸುದ್ದಿ ಕೊಟ್ಟವರ ಹೆಸರನ್ನು ಪ್ರಾಣ ಹೋದರೂ ಬಾಯಿ ಬಿಡಬಾರದು. ಈ ಧರ್ಮಸೂಕ್ಷ್ಮವನ್ನು ನಾನು ಕಲಿತದ್ದು ಒಂದು ಸಿನಿಮಾದಲ್ಲಿ. ಪತ್ರಕರ್ತ ನಾಯಕ ಕೋರ್ಟಿನಲ್ಲಿ ಎದೆಯುಬ್ಬಿಸಿ 'ಹೆಸರು ಹೇಳಲಾರೆ' ಎಂದಾಗ ನನ್ನ ಮೈ ಜುಮ್ಮೆಂದಿತ್ತು. ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆದುಕೊಂಡು, ಬಿಡುವಾದಾಗ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ನನಗೂ ಅಂಥದೊಂದು ಅವಕಾಶ ಬೇಕಿತ್ತು.

ಕೊಟ್ಟವಳು ನನ್ನ ಹೆಂಡತಿ ಸಾಕಮ್ಮ. ಡೇರಿಗೆ ಹಾಲು ಹಾಕಿ ಬಂದವಳೇ ಸಿಡಿದಳು.

"ಆ ಕಾರ್ಯದರ್ಶಿ ಸ್ಯಾಂಪಲ್ ಅಂತ ಒಬ್ಬೊಬ್ಬರತ್ರ ಒಂದೊಂದು ಲೋಟ ತಗೀತಾನೆ ಕಣ್ರೀ. ಟೆಸ್ಟ್‌ಗೆ ಬೇಕಾಗಿರೋದು ಒಂದು ಚಮಚ. ಮಿಕ್ಕಿದ್ದು ಅವನ ಮನೇಗೆ ಓಯ್ತದೆ. ಬರೀರಿ. ನನ್ನೆಸ್ರು ಮಾತ್ರ ಬ್ಯಾಡ. ಗೊತ್ತಾದ್ರೆ ನನ್ನ ಹಾಲು ಹುಳಿ ಅಂತ ವಾಪಸ್ ಕಳಿಸ್ತಾನೆ."

"ಪ್ರಾಣ ಹೋದ್ರೂ ಏಳಕಿಲ್ಲ ಕಣೇ," ಎಂದೆ.

ಬರೆದೆ. ಅವಳ ಹೆಸರನ್ನು ಹತ್ತಿರಕ್ಕೂ ಸುಳಿಯಗೊಡಲಿಲ್ಲ. 'ಡೇರಿಗೆ ನಿತ್ಯ ಎಮ್ಮೆ ಹಾಲು ಹಾಕುವ, ಹೆಸರು ಹೇಳಲಿಚ್ಛಿಸದ ಮಹಿಳೆಯೊಬ್ಬರು ಪತ್ರಿಕೆಗೆ ತಿಳಿಸಿದರು' ಎಂದಷ್ಟೇ ಘನಗಂಭೀರವಾಗಿ ಬರೆದೆ.

ಸುದ್ದಿ ಅಚ್ಚಾದ ದಿನ ಡೇರಿ ಮುಂದೆ ಊರೇ ನೆರೆದಿತ್ತು. ನಾನು ಜಗಲಿ ಹತ್ತಿ, "ಯಾರು ಏನೇ ಮಾಡಿದರೂ ಆ ಮಹಿಳೆಯ ಹೆಸರು ನನ್ನ ಬಾಯಿಂದ ಹೊರಬೀಳದು!" ಎಂದು ಘೋಷಿಸಿದೆ.

ಕಾರ್ಯದರ್ಶಿ ತಲೆಯನ್ನೂ ಎತ್ತಲಿಲ್ಲ. "ಯಾರೂ ಕೇಳ್ನಿಲ್ವಲ್ಲ ಸೋಮಿ. ಊರಲ್ಲೆಲ್ಲ ಸೀಮೆ ಹಸ. ಎಮ್ಮೆ ಇರೋದು ನಿಮ್ಮನೇಲಿ ಮಾತ್ರ."

ಹಾಗೆಂದವನೇ ಸಾಕಮ್ಮನ ಕ್ಯಾನನ್ನು ಪಕ್ಕಕ್ಕೆ ತಳ್ಳಿದ. "ಈ ಹಾಲು ಹುಳಿ."

ಸಾಕಮ್ಮ ನನ್ನತ್ತ ನೋಡಿದಳು. ಆ ನೋಟ ಎಂಥದೆಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ. ನಾನು ನಾಚಿ ಜಗಲಿಯ ಕಂಬದ ಮರೆಗೆ ಸರಿದೆ. ಆದರೆ ಅವಳು ಸೀದಾ ಕಾರ್ಯದರ್ಶಿಯ ಲೋಟವನ್ನೇ ಎತ್ತಿಕೊಂಡು, ತನ್ನ ಹಾಲು ಬಗ್ಗಿಸಿ ಗಟಗಟ ಕುಡಿದಳು.

"ಹೌದು, ಏಳ್ದೋಳು ನಾನೇ. ಎಲ್ಲಾರೂ ಕುಡುದು ನೋಡಿ, ಹುಳಿಯಾ ಅಂತ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಕುಡಿದು ನೋಡಿದರು. ಆಮೇಲೆ ತಂತಮ್ಮ ಕ್ಯಾನುಗಳ ಮುಚ್ಚಳ ಬಿಗಿದು, "ಸಾಕಕ್ಕನ ಹಾಲು ತಗಳೋಗಂಟ ನಮ್ದೂ ಹಾಕಕಿಲ್ಲ" ಎಂದು ಕೂತೇಬಿಟ್ಟರು. ಅತ್ತ ಹಾಲಿನ ವ್ಯಾನಿನವನು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ. ಕಾರ್ಯದರ್ಶಿ ಬೆವರು ಒರೆಸಿಕೊಂಡು ಒಳಗೆ ಹೋಗಿ ಚಮಚ ತಂದ. ಮೊದಲು ಸಾಕಮ್ಮನ ಹಾಲನ್ನೇ ಅಳೆದುಕೊಂಡ.

ಗೆದ್ದೆವು! ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಪತ್ರಿಕಾಧರ್ಮವನ್ನು ಎತ್ತಿಹಿಡಿದ ಹೆಮ್ಮೆಯಿಂದ ಇಡೀ ದಿನ ಬೀಗಿದೆ.

ಸಂಜೆ ಪಕ್ಕದ ಬೀದಿಯ ಜಯಮ್ಮ ಬಂದು, "ನಲ್ಲಿ ನೀರಿಂದು ಒಂದು ಗುಟ್ಟದೆ" ಎಂದು ಪಿಸುಗುಟ್ಟಿದಳು. ನಾನು ಪೆನ್ನು ಹಿಡಿದು ಓಡಿಬಂದೆ.

"ನಿಮ್ಗಲ್ಲ ಕಣಣ್ಣ, ಸಾಕಕ್ಕಂಗೆ ಏಳಾನ ಅಂತ ಬಂದೆ. ನಿಮ್ಗೇಳುದ್ರೆ ನೀವು ಹೆಸ್ರು ಏಳ್ದಲೇ ಊರ್ಗೆಲ್ಲ ಗೊತ್ತು ಮಾಡ್ಬುಡ್ತೀರ."