ನಮ್ಮ ಅತ್ತೆಯವರ ಧಾರಾವಾಹಿಯನ್ನು ದಯಮಾಡಿ ಮತ್ತೆ ನಿಲ್ಲಿಸಿಕೊಡುವ ಕುರಿತು

ಟಿವಿ ಮತ್ತು ಇಂಟರ್‌ನೆಟ್ ಸಂಸ್ಥೆಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಮಾಕಳಿದುರ್ಗಕ್ಕೆ ಹೋಗುವ ರಸ್ತೆ ಪಕ್ಕದ ಊರಿನಿಂದ, ಮಂಜೇಶ್ ಅವರ ಹೆಂಡತಿಯೂ ಪಿಳ್ಳಮ್ಮನವರ ಸೊಸೆಯೂ ಆದ ವಾಣಿಶ್ರೀ ಮಾಡುವ ಅನಂತ ನಮಸ್ಕಾರಗಳು. ತಮ್ಮ ಕಚೇರಿಗೆ ಎಷ್ಟು ಸಲ ಫೋನ್ ಮಾಡಿದರೂ ತಮ್ಮ ಹೆಸರಾಗಲಿ ವಿಳಾಸವಾಗಲಿ ಯಾರಿಗೂ ಗೊತ್ತಿಲ್ಲವೆಂದು ತಿಳಿದುಬಂದದ್ದರಿಂದ, ತಾವು ಎಲ್ಲೆಲ್ಲೂ ಇರುವಿರೆಂದು ನಂಬಿ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದಾಬಸ್‌ಪೇಟೆಯ ಗೋಡೌನಿನಲ್ಲಿ ನಮ್ಮ ಯಜಮಾನರಿಗೆ ಓವರ್‌ಟೈಮ್ ಕೆಲಸ ನಿಂತ ತಿಂಗಳು, ಮನೆಯ ಖರ್ಚು ಎಲ್ಲೆಲ್ಲಿ ಕಡಿಮೆ ಮಾಡಬಹುದೆಂದು ಯೋಚಿಸಿ, ಟಿವಿ ಬಿಡಿಸಿ ಇಂಟರ್‌ನೆಟ್ ಮಾತ್ರ ಇಟ್ಟುಕೊಳ್ಳುವುದೆಂದು ನಾವಿಬ್ಬರೂ ತೀರ್ಮಾನಿಸಿದೆವು. ಧಾರಾವಾಹಿಗಳನ್ನು ಫೋನಿನಲ್ಲೇ ತೋರಿಸುತ್ತೇನೆಂದು ಅತ್ತೆಯವರನ್ನು ಒಪ್ಪಿಸಲು ನೋಡಿದೆ. ಅವರು ಕನ್ನಡಕ ಒರೆಸಿಕೊಂಡು ಫೋನನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು, "ಇದ್ರಾಗೆ ಅತ್ತೆ ಯಾರು, ಸೊಸೆ ಯಾರು ಅಂತ್ಲೇ ತಿಳಿಯಾಕಿಲ್ಲ ಕಣವ್ವ," ಎಂದು ಹಿಂದಿರುಗಿಸಿದರು. ಆ ಸಂದಿಗ್ಧದಲ್ಲಿ ತಾವು ಕಳಿಸಿಕೊಟ್ಟ ಜಯಕುಮಾರ್ ಎಂಬುವರು ಮನೆಗೇ ಬಂದು, ನೀರು ಕೂಡ ಕುಡಿಯದೆ ನಮ್ಮ ಅಜ್ಞಾನವನ್ನು ನಿವಾರಿಸಿದರು. "ಅಕ್ಕಾ, ಇಂಟರ್‌ನೆಟ್ ಒಂದೇ ತಗೊಂಡ್ರೆ ಜಾಸ್ತಿ ಆಗುತ್ತೆ. ಟಿವಿನೂ ಸೇರಿಸ್ಕೊಂಡ್ರೆ ಕಮ್ಮಿ," ಎಂದರು. ಒಳಗಿನಿಂದ ಕೇಳಿಸಿಕೊಂಡ ನಮ್ಮ ಅತ್ತೆ, "ಹಂಗಾದ್ರೆ ಇನ್ನೂ ನಾಕು ಸೇರ್ಸಪ್ಪ, ನೀವೇ ನಮ್ಗೆ ಕೊಡೋ ಹಂಗಾಗ್ಲಿ," ಎಂದರು. ಜಯಕುಮಾರ್ ಅವರು ಅದನ್ನು ಸಲಹೆಯೆಂದು ಭಾವಿಸಿ ಮೇಲಿನವರಿಗೆ ತಿಳಿಸುವುದಾಗಿ ಹೇಳಿದರು. ತಮಗೆ ತಲುಪಿರಬಹುದು.

ಹೀಗೆ ನಮಗೆ 'ಕುಟುಂಬ ಉಳಿತಾಯ ಪ್ಯಾಕ್' ಲಭಿಸಿತು. ಅದರಲ್ಲಿ ಕ್ರಿಕೆಟ್ಟು, ಷೇರು ಪೇಟೆ, ನಾವು ಕೇಳಿಯೇ ಇರದ ಭಾಷೆಗಳ ಭಜನೆ, ಸಮುದ್ರದಲ್ಲಿ ಮೀನು ಹಿಡಿಯುವ ಬಗೆ, ಇವೆಲ್ಲ ಧಾರಾಳವಾಗಿದ್ದವು. ಅತ್ತೆಯವರು ಸಂಜೆ ನೋಡುವ ಕನ್ನಡ ಧಾರಾವಾಹಿಯ ಚಾನೆಲ್ ಒಂದು ಮಾತ್ರ ಇರಲಿಲ್ಲ. ಕುಟುಂಬದಲ್ಲಿ ಏನನ್ನು ಉಳಿಸಬೇಕು, ಏನನ್ನು ಕಳೆಯಬೇಕು ಎಂಬ ತಮ್ಮ ವಿವೇಚನೆಯ ಮುಂದೆ ನಾವೆಷ್ಟರವರು. ಅತ್ತೆಯವರು ಹಟ ಮಾಡದೆ ಷೇರು ಪೇಟೆಯನ್ನೇ ನೋಡತೊಡಗಿದರು. "ಇವ್ರ್ಯಾರೂ ಅಳಾದೇ ಇಲ್ವಲ್ಲ," ಎಂದು ಮೊದಲು ಬೇಸರಪಟ್ಟರು. ಆಮೇಲೊಂದು ಸಂಜೆ ನಾನು ಟಿವಿ ಆರಿಸಲು ಹೋದಾಗ, "ತಡಿ, ಒಬ್ಬ ಅಳೋ ಹಂಗೆ ಕಾಣ್ತಾನೆ," ಎಂದು ಕೈ ಹಿಡಿದು ನಿಲ್ಲಿಸಿದರು.

ಆಗ ನಾನು ದೂರು ಕೊಟ್ಟೆ. ಸಂಪರ್ಕ ಅತ್ತೆಯವರ ಹೆಸರಿನಲ್ಲಿದ್ದುದರಿಂದ ತಮ್ಮ ಕಚೇರಿಯ ರಮ್ಯಶ್ರೀ ಎಂಬ ಹುಡುಗಿ ಅವರಿಗೇ ಫೋನ್ ಮಾಡಿ, ಸಮಸ್ಯೆಯನ್ನು ಬಗೆಹರಿಸದಿದ್ದರೂ ಬಹಳ ಮರ್ಯಾದೆಯಿಂದ ಮಾತಾಡಿ, ಕೊನೆಯಲ್ಲಿ ಐದಕ್ಕೆ ಎಷ್ಟು ಅಂಕ ಕೊಡುತ್ತೀರೆಂದು ಕೇಳಿದಳು. "ಕಮ್ಮಿ ಕೊಟ್ರೆ ನಿಂಗೇನಾರ ತೊಂದ್ರೆ ಆಯ್ತದೇನವ್ವ?" ಎಂದು ಅತ್ತೆ ವಿಚಾರಿಸಿದರು. ಆ ಕಡೆ ಹುಡುಗಿ, "ನಿಮ್ಮಿಷ್ಟ ಅಮ್ಮಾ," ಎಂದು ದನಿ ತಗ್ಗಿಸಿದಳಂತೆ. ಅಷ್ಟು ಸಾಕಾಯಿತು. ಐದಕ್ಕೆ ಐದು ಕೊಟ್ಟರು. ನನ್ನ ದೂರು ಮುಕ್ತಾಯವಾಯಿತು. ನಾನು ಮತ್ತೆ ದೂರು ಕೊಟ್ಟೆ, ಅವರು ಮತ್ತೆ ಐದು ಕೊಟ್ಟರು. ತಾಲ್ಲೂಕಿನಲ್ಲೇ ನಮ್ಮದು ಅತ್ಯಂತ ಸಂತೃಪ್ತ ಮನೆಯೆಂದು ತಮ್ಮ ಕಂಪ್ಯೂಟರ್ ಹೇಳುತ್ತಿದ್ದರೆ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ.

ಮಾನ್ಯರೇ, ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನವಿಟ್ಟು ಓದಬೇಕಾಗಿ ವಿನಂತಿ. ನಮ್ಮ ಪಕ್ಕದ ಮನೆಯ ಕದಿರಮ್ಮನವರಿಗೂ ನಮ್ಮ ಅತ್ತೆಗೂ ಬಚ್ಚಲ ನೀರು ಹರಿಯುವ ವಿಷಯದಲ್ಲಿ ಜಗಳವಾಗಿ ಮಾತು ನಿಂತು ವರ್ಷಗಳೇ ಕಳೆದಿದ್ದವು. ನಾನು ಮದುವೆಯಾಗಿ ಬರುವಾಗಲೇ ಮಾತಿರಲಿಲ್ಲ. ಕದಿರಮ್ಮನವರ ಮಗ ಸೊಸೆ ಇಬ್ಬರೂ ದೇವನಹಳ್ಳಿ ಕಡೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಇತ್ತ ಅತ್ತೆ ನೋಡುತ್ತಿದ್ದ ಧಾರಾವಾಹಿಯಲ್ಲಿ ಸೊಸೆ ಹಾಲಿಗೆ ಏನನ್ನೋ ಬೆರೆಸಿದ್ದಳು. ಅದನ್ನು ಯಾರು ಕುಡಿದರೆಂದು ತಿಳಿಯುವ ಮೊದಲೇ ತಾವು ನಮ್ಮ ಚಾನೆಲ್ ನಿಲ್ಲಿಸಿದ್ದಿರಿ. ಅತ್ತೆ ಕೆಲವು ದಿನ ತಡೆದುಕೊಂಡರು. ಆಮೇಲೆ ಒಂದು ಸಂಜೆ ಸೀರೆ ಬದಲಾಯಿಸಿ, ಎಲ್ಲಿಗೆಂದು ನನಗೂ ಹೇಳದೆ ಹೊರಟು, ಕದಿರಮ್ಮನವರ ಬಾಗಿಲಲ್ಲಿ ನಿಂತು, "ಆ ಹಾಲು ಯಾರು ಕುಡುದ್ರು?" ಎಂದು ಕೇಳಿದರು.

ಕದಿರಮ್ಮ ಬಾಗಿಲನ್ನು ಪೂರ್ತಿ ತೆರೆದು, "ಇನ್ನೂ ಯಾರೂ ಕುಡಿದಿಲ್ಲ, ಬಾ," ಎಂದರಂತೆ.

ಅಂದಿನಿಂದ ಅತ್ತೆ ಸಂಜೆ ಮನೆಯಲ್ಲಿಲ್ಲ. ಇವರು ಕಡಲೆಕಾಯಿ ಹುರಿದು ಒಯ್ಯುವುದು, ಅವರು ಕಾಫಿ ಮಾಡುವುದು, ಜಾಹೀರಾತು ಬಂದಾಗ ಹಳೆಯ ಜಗಳದಲ್ಲಿ ಯಾರು ಏನು ಬೈದಿದ್ದರೆಂದು ನೆನಪಿಸಿಕೊಂಡು ನಗುವುದು ನಡೆಯಿತು. ಸೇವೆಯೊಂದನ್ನು ಕೊಡದೆಯೇ ಇಷ್ಟೊಂದು ಉಪಕಾರ ಮಾಡಿದ ಸಂಸ್ಥೆ ಇನ್ನೊಂದಿಲ್ಲವೆಂದು ನಾನು ನಿಶ್ಚಿಂತೆಯಿಂದಿದ್ದೆ.

ಅಷ್ಟರಲ್ಲಿ ತಾವು ನನ್ನ ದೂರನ್ನು ಪರಿಹರಿಸಿದಿರಿ.

ಚಾನೆಲ್ ಬಂತು. ಅತ್ತೆಯವರ ಮುಖ ಇಳಿಯಿತು. ಸ್ವಂತ ಮನೆಯಲ್ಲಿ ಬರುವುದನ್ನು ಬೇರೆಯವರ ಮನೆಯಲ್ಲಿ ಹೋಗಿ ನೋಡಲು ಅವರ ಮರ್ಯಾದೆ ಒಪ್ಪಲಿಲ್ಲ. ಅಂದು ಸಂಜೆ ಒಬ್ಬರೇ ಕೂತು ನೋಡಿದರು. ಹಾಲು ಕುಡಿಯಬೇಕಾದವನು ಲೋಟ ಎತ್ತಿಕೊಂಡಾಗಲೂ ಅತ್ತೆಯ ಕಣ್ಣು ಪಕ್ಕದ ಮನೆಯ ಗೋಡೆಯ ಕಡೆಗೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಕಂಡಿತು. ಇಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟದ ಕದಿರಮ್ಮ ಸೆರಗು ಸರಿಮಾಡಿಕೊಳ್ಳುತ್ತ, "ನಮ್ಮನೇಲಿ ಟಿವಿ ಬತ್ತಾ ಇಲ್ಲ ಕಣಕ್ಕ," ಎಂದರು. ಅವರು ಆರಿಸಲು ಮರೆತು ಬಂದಿದ್ದ ಟಿವಿಯಿಂದ ಅದೇ ಧಾರಾವಾಹಿಯ ಅದೇ ಅಳು ಗೋಡೆಯಾಚೆಯಿಂದ ನಮಗೆಲ್ಲರಿಗೂ ಕೇಳುತ್ತಿತ್ತು. ಅತ್ತೆ ನನ್ನನ್ನು ಒಮ್ಮೆ ನೋಡಿ, ನಮ್ಮ ಟಿವಿಯ ಸದ್ದನ್ನು ಜೋರು ಮಾಡಿ, ಚಾಪೆ ಹಾಸಿದರು.

ಆದ್ದರಿಂದ ನನ್ನ ಮನವಿ ಇಷ್ಟೇ. ನಮ್ಮ ಎರಡು ಮನೆಗೆ ಒಂದು ಟಿವಿ ಸಾಕು. ಯಾರದನ್ನು ಕಡಿತಗೊಳಿಸುತ್ತೀರೆಂಬುದು ತಮ್ಮ ಚಿತ್ತ. ಬಿಡಿಸುತ್ತೇವೆಂದು ಫೋನ್ ಮಾಡಿದಾಗಲೆಲ್ಲ ಇನ್ನಷ್ಟು ಚಾನೆಲ್ ಸೇರಿಸಿ ಕಡಿಮೆ ಮಾಡಿಕೊಡುವ ತಮ್ಮ ಔದಾರ್ಯವನ್ನು ಮಾತ್ರ ಇನ್ನು ಮೇಲೆ ನಿಲ್ಲಿಸಬೇಕು. ಅದಾಗದಿದ್ದರೆ, ನಮ್ಮಲ್ಲಿ ಒಂದು ದಿನ, ಅವರಲ್ಲಿ ಒಂದು ದಿನ, ಸರದಿ ತಪ್ಪದಂತೆ ಸೇವೆಯಲ್ಲಿ ವ್ಯತ್ಯಯ ಮಾಡಿಕೊಡಬೇಕು. ಈ ಕೆಲಸದಲ್ಲಿ ತಮಗಿರುವ ಅನುಭವವನ್ನು ಬಲ್ಲೆ. ಅದನ್ನು ವೇಳಾಪಟ್ಟಿಯ ಪ್ರಕಾರ ಮಾಡಿರೆಂದಷ್ಟೇ ಕೋರುತ್ತೇನೆ.

ಸದ್ಯಕ್ಕಂತೂ ಬಿಡಿಸಿಕೊಳ್ಳಲಾಗದ,
ತಮ್ಮ ವಿಶ್ವಾಸಿ,
ವಾಣಿಶ್ರೀ

ಮರುಟಿಪ್ಪಣಿ: ತಮ್ಮ ಸೆಟ್‌ಟಾಪ್ ಬಾಕ್ಸ್ ಬಿಸಿಯಾಗುವುದರಿಂದ ನಮ್ಮ ಬೆಕ್ಕು ಅದರ ಮೇಲೇ ಮಲಗುತ್ತದೆ. ವಾಪಸು ಒಯ್ಯಲು ಬರುವವರು ಅದು ತಾನಾಗಿ ಏಳುವ ತನಕ ಕಾಯಬೇಕು. ನಡುವೆ ಎಬ್ಬಿಸಿದರೆ ಪರಚುತ್ತದೆ. ಈ ಷರತ್ತನ್ನು ನಾವು ಮೊದಲೇ ದೊಡ್ಡ ಅಕ್ಷರದಲ್ಲಿ ತಿಳಿಸುತ್ತಿದ್ದೇವೆ, ತಮ್ಮಲ್ಲಿ ಆ ಪದ್ಧತಿ ಇಲ್ಲದಿದ್ದರೂ.