ಬೆಲ್ಲ ಮೆತ್ತಿದ ಮಹಡಿ

"ಬಡಿಗ್ಯಾರು ಯಾಕ ಬೇಕು? ಈ ನೆಲಾ ನಾನ ರಿಪೇರಿ ಮಾಡತೇನಿ!"

ನಾನು ಹೀಗೆ ಘೋಷಿಸಿದ್ದೇ ತಡ, ನನ್ನ ಹೆಂಡತಿ ಶರಣವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮದುವೆಯಾದ ಮೇಲೆ ಆಕೆ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು!

ಎಪ್ಪತ್ತೆಂಟನೆಯ ಇಸವಿ. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಕ್ಯಾಂಟೀನಿನ ಕೂಪನ್ನು ಹರಿಯುವ ಗುಮಾಸ್ತ. ಆದರೂ ಕಾರ್ಖಾನೆಯ ಗಾಳಿ ಕುಡಿದವನಿಗೆ ಎಂಜಿನಿಯರಿಂಗು ತಾನಾಗಿಯೇ ಬರುತ್ತದೆಂದು ನನ್ನ ನಂಬಿಕೆ. ಯಲಹಂಕದ ಹಳೇ ಪೇಟೆಯಲ್ಲಿ ಪುಟ್ಟಣ್ಣನವರ ಮನೆಯ ಮಹಡಿ ನಮಗೆ ಬಾಡಿಗೆಗಿತ್ತು. ಮಹಡಿಯ ನೆಲ ಪೂರ್ತಿ ಮರದ ಹಲಗೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ. ಶರಣವ್ವ ಮೇಲೆ ಜೋಳದ ರೊಟ್ಟಿ ಬಡಿದರೆ ಕೆಳಗೆ ಪುಟ್ಟಣ್ಣನವರ ಕಾಫಿಗೆ ಹಿಟ್ಟು ಉದುರುತ್ತಿತ್ತು.

"ನೋಡಿ ಮುರಿಗೆಪ್ನೋರೇ," ಎಂದಿದ್ದರು ಅವರು, "ಭಾನುವಾರದೊಳಗೆ ನೆಲ ಸರಿಯಾಗ್ಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ, ಅಷ್ಟೇ."

ರೊಟ್ಟಿಯ ಸದ್ದಿಗೆ ಹಿಂದೆಯೇ ಎರಡು ಮನೆ ಕಳೆದುಕೊಂಡಿದ್ದೆವು. ಇದೂ ಹೋದರೆ ತಾನು ತವರೂರು ಗದಗಿನ ರೈಲು ಹತ್ತುವವಳೇ ಎಂದು ಶರಣವ್ವ ಖಡಾಖಂಡಿತವಾಗಿ ಹೇಳಿದ್ದಳು.

"ಗಯಾಸ್ ಬಡಿಗ್ಯಾರನ್ನ ಕರೀರಿ. ಅವ್ರು ಬಾಜೂ ಓಣ್ಯಾಗ ಅದಾರ."

"ಏ, ಹುಚ್ಚಿ! ನಮ್ಮಜ್ಜ ಸುಣ್ಣದ ಗಾರಿಗೆ ಬೆಲ್ಲಾ, ಮೆಂತೆ ಅರದು ಹಾಕತಿದ್ದ. ಇವತ್ತಿಗೂ ಗ್ವಾಡಿ ಅಲಗಾಡಿಲ್ಲ!"

"ಅದು ಕಲ್ಲಿನ ಗ್ವಾಡಿರೀ. ಇದು ಕಟಗಿ."

"ಅಂಟಿಗೆ ಕಲ್ಲೇನು, ಕಟಗಿ ಏನು?"

"ಆತಪಾ. ಆ ಒಲಿ ಮುಂದಿನ ಹಲಗಿ ಹುಳಾ ತಿಂದು ಲಡ್ಡಾಗೇತಿ, ಕಾಲಿಟ್ರ ಕುಂಯ್ ಅಂತೈತಿ. ಅದನ್ನರ ಮೊದಲ ನೋಡ್ರಿ."

"ಮೊದಲ ಸಂದಿ, ಆಮ್ಯಾಲ ಹಲಗಿ!"

ಹೋಳಿಗೆಗೆಂದು ಇಟ್ಟಿದ್ದ ಬೆಲ್ಲದ ಅಚ್ಚುಗಳು ನೆಲದ ಸೇವೆಗೆ ಅರ್ಪಿತವಾದವು. ಸುಣ್ಣ ಸಿಗಲಿಲ್ಲ. ಚಿಂತೆಯಿಲ್ಲ ಎಂದು ಬೆಲ್ಲವನ್ನೇ ಇನ್ನಷ್ಟು ಹಾಕಿದೆ. ಮರದ ಹೊಟ್ಟು, ಮೆಂತ್ಯ ಸೇರಿಸಿ ಪಾಕ ಕಾಯಿಸಿ ಶನಿವಾರ ಸಂಜೆ ಎಲ್ಲ ಸಂದಿಗೂ ಮೆತ್ತಿದೆ. ನೆಲ ಫಳಫಳ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮಲಗಿದೆ.

ಬೆಳಗ್ಗೆ ಎದ್ದರೆ ನೆಲ ಹರಿದಾಡುತ್ತಿತ್ತು. ಇರುವೆ! ಊರಿನ ಇರುವೆಗಳಿಗೆಲ್ಲ ಯಾರೋ ಡಂಗುರ ಸಾರಿದ್ದರು. ಒಂದು ಸಾಲು ಬಾಗಲೂರಿನಿಂದಲೇ ಹೊರಟು ಬಂದಂತಿತ್ತು. ಶರಣವ್ವ ಮಂಚದ ಮೇಲೆ ನಿಂತು, "ಕರದೀರೇನ್ರಿ ಇವ್ರನ್ನೆಲ್ಲಾ ಹೋಳಗಿ ಊಟಕ್ಕ?" ಎಂದಳು.

ಎಂಜಿನಿಯರ್ ಎದೆಗುಂದಲಿಲ್ಲ. ಒಂದು ಹಂಡೆ ಕುದಿಯುವ ನೀರು ತಂದು ನೆಲದ ಮೇಲೆ ಸುರಿದೇಬಿಟ್ಟೆ. ಇರುವೆ ಸತ್ತವು. ಜೊತೆಗೆ ಪಾಕವೂ ಕರಗಿ, ಇರುವೆ ಸಮೇತ ಕೆಳಗಿಳಿಯಿತು. ಕೆಳಗಿನಿಂದ "ಅಯ್ಯಯ್ಯೋ!" ಎಂಬ ಆರ್ತನಾದ. ಮರುಕ್ಷಣ ಮೆಟ್ಟಿಲ ಮೇಲೆ ದಡದಡ ಸದ್ದು. ತಲೆಯಿಂದ ಪಾಕ ತೊಟ್ಟಿಕ್ಕುತ್ತ ಪುಟ್ಟಣ್ಣನವರು ಪ್ರತ್ಯಕ್ಷರಾದರು.

"ಏನ್ರೀ ಇದು? ನಂಗೆ ಮೊದ್ಲೇ ಸಕ್ಕರೆ ಕಾಯಿಲೆ! ಒಳಗಿರೋದು ಸಾಲ್ದು ಅಂತ ಹೊರಗೂ ಸುರೀತೀರಾ? ಇವತ್ತೇ ಖಾಲಿ ಮಾಡಿ!"

ಅಷ್ಟು ಹೇಳಿ ಒಂದು ಹೆಜ್ಜೆ ಮುಂದಿಟ್ಟರು. ಇಟ್ಟದ್ದು ಒಲೆ ಮುಂದಿನ ಹಲಗೆಯ ಮೇಲೆ. ಅದು ಕುಂಯ್ ಎನ್ನಲಿಲ್ಲ, ಫಟ್ ಎಂದಿತು! ಅವರ ಬಲಗಾಲು ತೊಡೆಯವರೆಗೂ ನೆಲದೊಳಗಿಳಿದು ಸಿಕ್ಕಿಕೊಂಡಿತು.

ಕೆಳಗೆ ಅವರ ಹೆಂಡತಿ ಕೃಷ್ಣವೇಣಮ್ಮ ಕಂಡದ್ದು ಸೂರಿನಿಂದ ಜೋತಾಡುವ ಒಂದು ಕಾಲು.

"ಪಾಕ ಸುರಿದಿದ್ದು ಸಾಲ್ದು ಅಂತ ಕಾಲು ಬೇರೆ ಇಳಿಬಿಟ್ರಾ ಮುರಿಗೆಪ್ನೋರೇ?" ಎಂದು ಪೊರಕೆಯಿಂದ ಬಾರಿಸಿದರು.

"ಹೊಡೀಬೇಡ್ವೇ! ಕಾಲು ನಂದು ಕಣೇ!"

"ಸುಳ್ಳು! ನಮ್ಮೋರು ಜಗಳಕ್ಕೆ ಅಂತ ಮೇಲೆ ಹೋಗಿದಾರೆ!" ಇನ್ನೊಂದೇಟು.

ನಾನು ಎಳೆದರೆ ಪುಟ್ಟಣ್ಣನವರು ಚೀರುತ್ತಿದ್ದರು. ಗಯಾಸ್‌ಗೆ ಹೇಳಿಕಳಿಸಿದರೆ, "ನಾಷ್ಟಾ ಮುಗಿಸಿ ಬರ್ತೀನಿ" ಎಂಬ ಉತ್ತರ ಬಂತು. ಒಂಟಿಗಾಲಲ್ಲಿ ನೆಲಕ್ಕೆ ನೆಟ್ಟಂತಿದ್ದ ಮಾಲೀಕರಿಗೆ ಹಸಿವಾಗತೊಡಗಿತು. ಶರಣವ್ವ ಅವರ ಮುಂದೆ ಬಿಸಿ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಹಿಂಡಿ ಚಟ್ನಿ ಇಟ್ಟಳು. ಅವರು ಮುಖ ಸಿಂಡರಿಸಿಕೊಂಡೇ ಒಂದು ತುತ್ತು ತಿಂದರು. ಆಮೇಲೆ ಮುಖ ಸರಿಹೋಯಿತು.

"ಇದೇನಮ್ಮಾ ಇಷ್ಟು ಚೆನ್ನಾಗಿದೆ! ಡಾಕ್ಟ್ರು ಅನ್ನ ಬಿಡಿ ಅಂತ ಬಡ್ಕೋತಿದಾರೆ. ಇನ್ನೊಂದು ಹಾಕಿ."

ಗಯಾಸ್ ಬಂದು ಹಲಗೆ ಕೊಯ್ದು ಕಾಲು ಬಿಡಿಸಿ, ಸಂಜೆಯೊಳಗೆ ಹೊಸ ಹಲಗೆ ಕೂರಿಸಿ, ಸಂದಿಗಳನ್ನೂ ಮುಚ್ಚಿ ಹೋದರು. ನಾನು ಮನೆ ಖಾಲಿ ಮಾಡಲೆಂದು ಹಾಸಿಗೆ ಸುತ್ತತೊಡಗಿದೆ. ಪುಟ್ಟಣ್ಣನವರು ಕುಂಟುತ್ತ ಬಂದು ಬಾಗಿಲಲ್ಲಿ ನಿಂತರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಶರಣಮ್ಮಾ, ಇವತ್ತಿಂದ ಈ ಮನೆಗೆ ಬಾಡಿಗೆಗಿರೋರು ನೀವು. ದಿನಾ ನಂಗೆರಡು ರೊಟ್ಟಿ ಕಳ್ಸಿ. ಇವರನ್ನ ಇಟ್ಕೊಳ್ಳೋದೋ ಬಿಡೋದೋ ನಿಮಗೆ ಸೇರಿದ್ದು."

ಶರಣವ್ವ ನನ್ನನ್ನೊಮ್ಮೆ, ಖಾಲಿಯಾದ ಬೆಲ್ಲದ ಡಬ್ಬಿಯನ್ನೊಮ್ಮೆ ನೋಡಿದಳು.

"ಇರ್ಲಿ ಬಿಡ್ರಿ, ಅಣ್ಣಾರ," ಎಂದಳು. "ಒಂದು ತಿಂಗಳು ಇಟಗೊಂಡು ನೋಡತೇನಿ."